ಒದ್ದೆ ಮರಳಿನ ವಾದ

ಬೋಡಕ್‌ದೇವ್, ಅಹಮದಾಬಾದ್
೧೪ ಫೆಬ್ರುವರಿ ೨೦೨೪

ಪ್ರಿಯ ದಿವಾಕರ,

ಭಾನುವಾರ ಸೂರತ್ತಿನ ಕನ್ನಡ ಬಳಗದವರು ನಿತಿನ್‌ಗಾಗಿ ಕರೆದಿರುವ ಸಭೆಗೆ ನಾನು ಬರುವುದಿಲ್ಲ. ಕೆಳಗಿನದನ್ನು ನನ್ನ ಪರವಾಗಿ ನೀನು ಓದು. ಒಂದು ಪದವನ್ನೂ ಮೃದುಗೊಳಿಸಬೇಡ.

"ಸೇರಿರುವ ಎಲ್ಲರಿಗೂ ವಂದನೆ. ರಜೆಯ ದಿನವನ್ನು ಬಿಟ್ಟುಕೊಟ್ಟು ಬಂದಿದ್ದೀರಿ. ಜನವರಿ ಇಪ್ಪತ್ತೆಂಟರಂದು ಸುವಾಲಿಯ ಕಡಲ ದಂಡೆಯಲ್ಲಿ ನನ್ನ ಮಗ ಉಬ್ಬರದ ನೀರಿಗೆ ಸಿಕ್ಕಿದಾಗ ಮರುದಿನ ಬೆಳಗಿನವರೆಗೆ ಹುಡುಕಿದವರಲ್ಲಿ ನಿಮ್ಮವರೂ ಇದ್ದರು. ಆ ಉಪಕಾರವನ್ನು ಸ್ವೀಕರಿಸಿದ್ದೇನೆ. ನಿಮ್ಮ ಅನುಕಂಪವನ್ನು ಸ್ವೀಕರಿಸಲಾರೆ.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ನಮ್ಮ ಮನೆಗೆ ಬಂದವರೆಲ್ಲ ಅವನ ಆಯುಷ್ಯ ಅಷ್ಟೇ ಇತ್ತು ಎಂದರು. ಇಪ್ಪತ್ತಮೂರು ವರ್ಷದ, ಈಜು ಬಲ್ಲ, ಎಂಜಿನಿಯರಿಂಗ್ ಓದಿದ ಹುಡುಗ ಹಾಡುಹಗಲಲ್ಲಿ ಸತ್ತರೆ ಅದಕ್ಕೆ ಕಾರಣಗಳಿರುತ್ತವೆ. ಆ ಕಾರಣಗಳಿಗೆ ಹೆಸರು, ವಿಳಾಸಗಳೂ ಇರುತ್ತವೆ. ಅವು ತಿಳಿಯುವ ಮೊದಲೇ ನನ್ನನ್ನು ಸಮಾಧಾನಪಡಿಸುವುದೆಂದರೆ ವಿಚಾರಣೆಗೆ ಮುಂಚೆಯೇ ಕಡತ ಮುಚ್ಚಿದಂತೆ. ನನ್ನ ಮಗನ ಬಗ್ಗೆ ಒಳ್ಳೆಯದನ್ನು ಹೇಳಲೇಬೇಕೆಂದಿದ್ದರೆ, ದುಮಸ್ ದಂಡೆಯಲ್ಲಿ ಭಜಿಯಾ ಮಾರುವ ಹೆಂಗಸೊಬ್ಬಳು ಕಳೆದುಕೊಂಡಿದ್ದ ಉಂಗುರವನ್ನು ತನ್ನ ಲೋಹ ಶೋಧಕದಿಂದ ಹುಡುಕಿ, ಮೂರು ಭಾನುವಾರ ಅಲೆದು, ಅವಳ ಕೈಗೇ ತಲುಪಿಸಿದ್ದ ಎಂದು ಹೇಳಿ. ಉಳಿದದ್ದು ಬೇಡ. ನಮಸ್ಕಾರ. ಲಿಂಗರಾಜ."

ಇನ್ನು ಇದು ನಿನಗೆ ಮಾತ್ರ. ಸೂರತ್ತಿಗೆ ಬಂದ ಪ್ರತಿ ಭಾನುವಾರ ಅವನು ದಂಡೆಗೆ ಇಳಿದಾಗ ದಿವಾಕರ ಮಾಮಾ ಮೇಲೆ ಕಾರಿನ ಹತ್ತಿರ ಕೂತು ನೀರು ನೋಡುತ್ತಿರುತ್ತಾರೆ ಎಂದು ನಿತಿನ್ ನನಗೆ ಹೇಳಿದ್ದ. ಆ ಭಾನುವಾರ ನೀನು ಎಲ್ಲಿದ್ದೆ? ಮಣ್ಣು ಕೊಡುವಾಗ ಕೇಳಬಾರದೆಂದು ಕೇಳಲಿಲ್ಲ. ಫೋನಿನಲ್ಲಿ ಕೇಳಿದರೆ ನೀನು ಅಳುತ್ತೀಯ, ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ಬರೆದೇ ಉತ್ತರಿಸು.

ಹೇಮಲತಾ ತನ್ನ ಅಣ್ಣನ ಮನೆಯಲ್ಲಿ ಎಷ್ಟು ದಿನ ಬೇಕಾದರೂ ಇರಲಿ.

ಲಿಂಗರಾಜ


ಹಜೀರಾ, ಸೂರತ್
೧೯ ಫೆಬ್ರುವರಿ ೨೦೨೪

ಪ್ರಿಯ ಲಿಂಗರಾಜ,

ಓದಿದೆ. ಒಂದು ಅಕ್ಷರ ಬಿಡಲಿಲ್ಲ. ಆಮೇಲೆ ಅಧ್ಯಕ್ಷ ಶೇಷಾದ್ರಿ ನನ್ನ ಕಿವಿಯ ಹತ್ತಿರ ಬಂದು, "ದಿವಾಕರ್ ಅವರೇ, ನಿಮ್ಮ ಭಾವನವರು ನಮಗೆ ಥ್ಯಾಂಕ್ಸ್ ಹೇಳಿದ್ರೋ, ಬೈದ್ರೋ? ಅದು ತಿಳಿದ್ರೆ ಒಂದು ನಿಮಿಷ ಮೌನ ಮಾಡಿಸಬೇಕೋ ಬೇಡ್ವೋ ಗೊತ್ತಾಗುತ್ತೆ" ಎಂದರು. ಪಾಪ, ಒಳ್ಳೆಯ ಮನುಷ್ಯ. ಮೌನ ಮಾಡಿಸಿದರು.

ನಿನ್ನ ಪ್ರಶ್ನೆಗೆ ಉತ್ತರ. ಆ ಭಾನುವಾರ ನನಗೆ ಪ್ಲಾಂಟಿನಲ್ಲಿ ಬೆಳಗಿನ ಪಾಳಿ ಇತ್ತು. ಇಲ್ಲದಿದ್ದರೆ ಹೋಗುತ್ತಿದ್ದೆ. ಇದನ್ನು ಎಷ್ಟು ಸಲ ಯೋಚಿಸಿದ್ದೇನೆ ಎಂದು ನಿನಗೆ ಹೇಳಬೇಕಾಗಿಲ್ಲ.

ಹೇಮಾ ಊಟ ಮಾಡುತ್ತಾಳೆ, ಅತ್ತಿಗೆ ತಾರಾ ಎದುರು ಕೂತರೆ ಮಾತ್ರ. ಹೆಚ್ಚು ಮಾತಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಾಳೆ: "ಅಣ್ಣಾ, ಅವ ಮೊದಲೆಲ್ಲ ಒಣ ಮರಳಿನ್ಯಾಗ ಹುಡುಕ್ತಿದ್ದ. ನೀರಿನ ಅಂಚಿಗೆ ಯಾಕ ಹೋದ?" ಏನು ಹೇಳಲಿ? ಹುಡುಗರು, ಉತ್ಸಾಹ ಎಂದೆ.

ಲಿಂಗರಾಜ, ನಾನೂ ನೀನೂ ಧಾರವಾಡದಲ್ಲಿ ಒಂದೇ ಚರ್ಚಾ ತಂಡದಲ್ಲಿ ನಿಂತವರು. ನಿನ್ನ ಪ್ರಶ್ನೆ ಎಲ್ಲಿಗೆ ಹೊರಟಿದೆ ಎಂಬುದು ನನಗೆ ತಿಳಿಯುತ್ತದೆ. ಇದು ಗೆಲ್ಲುವ ವಿಷಯವಲ್ಲ. ಬಿಟ್ಟುಬಿಡು.

ದಿವಾಕರ


ಗೋರ್ವಾ, ವಡೋದರಾ
೩ ಮಾರ್ಚ್ ೨೦೨೪

ಪ್ರಿಯ ದಿವಾಕರ,

ನಿತಿನ್‌ನ ನೌಕರಿಯ ಊರಿನ ಬಾಡಿಗೆ ಕೋಣೆಯನ್ನು ಖಾಲಿ ಮಾಡಲು ಬಂದಿದ್ದೇನೆ. ಮನೆಯ ಒಡತಿ ಪೂರ್ವಿಬೆನ್ ನನ್ನನ್ನು ಬಾಗಿಲಲ್ಲೇ ತಡೆದು, "ಅಂಕಲ್, ಪೆಹಲೇ ಚಾ" ಎಂದು ಚಹಾಕ್ಕೆ ಕೂರಿಸಿದರು. ಆಮೇಲೆ, "ಆಪ್ಕಾ ನಿತಿನ್ ಮೇರಾ ಪೂರಾ ಆಂಗನ್ ಖೋದ್ ದಿಯಾ ಥಾ. ಎಕ್ ಚಮಚೀ ನಿಕಲೀ, ಬಸ್!" ಎಂದು, ಅಂಗಳವನ್ನೆಲ್ಲ ಅಗೆದವನಿಗೆ ಒಂದು ಚಮಚ ಸಿಕ್ಕಿದ್ದನ್ನು ನೆನೆದು ನಕ್ಕು, ನಗಬಾರದಿತ್ತೆಂದು ಸೆರಗು ಬಾಯಿಗೆ ಹಿಡಿದುಕೊಂಡರು. ನಗಲಿ ಬಿಡಿ ಎಂದೆ. ಒಂದು ತಿಂಗಳಲ್ಲಿ ನನ್ನೆದುರು ಅವನ ಬಗ್ಗೆ ನಕ್ಕವರು ಅವರೊಬ್ಬರೇ.

ಮಂಚದ ಕೆಳಗೆ ಹಳೆಯ ಯಂತ್ರ ಸಿಕ್ಕಿತು. ಮೂರು ವರ್ಷದ ಹಿಂದೆ ಅವನು ತಾನೇ ಕೊಂಡಿದ್ದ ಅಗ್ಗದ ಲೋಹ ಶೋಧಕ. ಹೊಸದು, ದುಬಾರಿಯದು, ಅವನ ಮುಂಗೈಗೆ ಪಟ್ಟಿ ಬಿಗಿದ ಸ್ಥಿತಿಯಲ್ಲಿಯೇ ಸಿಕ್ಕಿತ್ತಲ್ಲ. ಪೊಲೀಸರು ಕೊಟ್ಟ ದಿನದಿಂದ ಅದು ನನ್ನ ಬಳಿಯಿದೆ. ಐದು ಮೀಟರ್ ಆಳದ ನೀರಿನಲ್ಲಿಯೂ ಕೆಡುವುದಿಲ್ಲ ಎಂದು ಅದರ ಪುಸ್ತಿಕೆಯಲ್ಲಿ ಮುದ್ರಿಸಿದ್ದಾರೆ. ಕೆಟ್ಟಿಲ್ಲ. ಚಾರ್ಜ್ ಮಾಡಿದೆ, ಚಾಲೂ ಆಯಿತು.

ಅವನ ನೋಟ್‌ಬುಕ್ಕಿನಲ್ಲಿ ಹೊಸದನ್ನು ಕೊಳ್ಳುವ ಮೊದಲೇ ಎರಡನ್ನೂ ಇಂಗ್ಲಿಷಿನಲ್ಲಿ ಹೋಲಿಸಿದ್ದಾನೆ. ಚೆನ್ನಾಗಿ ಮಾಡಿದ್ದಾನೆ, ನನ್ನ ಕೈಕೆಳಗೆ ಉಪಕರಣ ಪರೀಕ್ಷೆ ಮಾಡಿದ ಹಲವರಿಗಿಂತ ಚೆನ್ನಾಗಿ. ಅಗ್ಗದ್ದು ನೆಲದೊಳಕ್ಕೆ ಒಂದೇ ಕಂಪನಾಂಕದ ಅಲೆ ಕಳಿಸುತ್ತದೆ. ತೋಟದ ಮಣ್ಣಿಗೆ, ಮೈದಾನಕ್ಕೆ, ಒಣ ಮರಳಿಗೆ ಅದು ಸಾಕು. ಅಂಗೈ ಅಗಲದಷ್ಟು ಆಳದ ನಾಣ್ಯವನ್ನು ಹಿಡಿಯುತ್ತದೆ, ಮೊಳೆಗೂ ಬೆಳ್ಳಿಗೂ ಇರುವ ವ್ಯತ್ಯಾಸದಲ್ಲಿ ಆಗಾಗ ಎಡವುತ್ತದೆ. ದುಬಾರಿಯದು ಏಕಕಾಲಕ್ಕೆ ಹಲವು ಕಂಪನಾಂಕಗಳನ್ನು ಕಳಿಸಿ ಉತ್ತರಗಳನ್ನು ತಾಳೆ ನೋಡುತ್ತದೆ. ಎರಡರಷ್ಟು ಆಳ, ತೆರೆಯ ಮೇಲೆ ಅಲುಗದ ಸಂಖ್ಯೆ, ತಂತಿಯಿಲ್ಲದ ಹೆಡ್‌ಫೋನ್. ಹೊಸಬನಿಗೆ ಅಗ್ಗದ್ದೇ ಸಾಕು ಎಂದು ಅವನೇ ಬರೆದಿದ್ದಾನೆ. ಇದನ್ನು ಬರೆದವನು ಎರಡು ತಿಂಗಳ ನಂತರ ನನ್ನೆದುರು ತದ್ವಿರುದ್ಧವಾಗಿ ವಾದಿಸಿದ.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ದೊಡ್ಡದೇನನ್ನಾದರೂ ಕೇಳುವವರು ಭಾನುವಾರದ ಊಟದ ನಂತರ ಎದ್ದು ನಿಂತು, ಕನ್ನಡದಲ್ಲಿ, ಐದು ನಿಮಿಷ ತಮ್ಮ ಪಕ್ಷವನ್ನು ಮಂಡಿಸಬೇಕು. ನಾನು ವಿರೋಧಿಸುತ್ತೇನೆ. ಸೋತರೆ ಆ ಮಾತು ಅಲ್ಲಿಗೆ ಮುಗಿಯಿತು. ನಿತಿನ್ ಸೈಕಲ್ಲಿನಿಂದ ಹಿಡಿದು ಗೋವಾ ಪ್ರವಾಸದವರೆಗೆ ಎಲ್ಲದರಲ್ಲಿಯೂ ಸೋತವನು. ಐದು ನಿಮಿಷದಲ್ಲಿ ಮೂರು ನಿಮಿಷ ಕನ್ನಡ ಪದ ಹುಡುಕುವುದಕ್ಕೇ ಹೋಗುತ್ತಿತ್ತು. ಅಕ್ಟೋಬರ್ ಇಪ್ಪತ್ತೆರಡರಂದು, ಹೇಮಾ ಧಾರವಾಡಕ್ಕೆ ಹೋಗಿದ್ದಾಗ, ಅವನು ಎದ್ದು ನಿಂತು ತಡವರಿಸದೆ ನಾಲ್ಕೂವರೆ ನಿಮಿಷ ಮಾತಾಡಿದ. ಗೆದ್ದ. ನಾನು ಯಂತ್ರವನ್ನು ತರಿಸಿಕೊಟ್ಟೆ.

ಒಂದೇ ಪ್ರಶ್ನೆ. ಆ ಭಾಷಣ ಅವನಿಗೆ ಎಲ್ಲಿಂದ ಬಂತು?

ಲಿಂಗರಾಜ


ಹಜೀರಾ, ಸೂರತ್
೯ ಮಾರ್ಚ್ ೨೦೨೪

ಪ್ರಿಯ ಲಿಂಗರಾಜ,

ಮಕ್ಕಳು ಯಾವಾಗ ಏನು ಕಲಿಯುತ್ತಾರೆ ಎಂದು ಯಾರಿಗೆ ತಿಳಿಯುತ್ತದೆ? ನಿನ್ನ ಮನೆಯಲ್ಲಿ ಹದಿನೈದು ವರ್ಷ ಸೋತವನು ಒಂದು ದಿನ ಕಲಿತ. ಈಗೀಗ ಎಲ್ಲವೂ ಮೊಬೈಲಿನಲ್ಲಿಯೇ ಸಿಗುತ್ತದೆ.

ನಿನಗೆ ಹೊಣೆಗಾರರು ಬೇಕಿದ್ದರೆ ಬೇರೆ ಕಡೆ ಹುಡುಕಬಹುದು. ನಮ್ಮ ಕಡೆಯ ಉಬ್ಬರ ಮುಂದಿನಿಂದ ಬರುವುದಿಲ್ಲ ಎಂದು ಮೀನುಗಾರರೆಲ್ಲ ಬಲ್ಲರು. ಮೊದಲು ಬೆನ್ನ ಹಿಂದಿನ ಕಾಲುವೆ ತುಂಬುತ್ತದೆ. ದಿಬ್ಬದ ಮೇಲೆ ನಿಂತವನಿಗೆ ಸುತ್ತ ಒಣಗಿಯೇ ಕಾಣುತ್ತದೆ, ತಿರುಗಿದರೆ ದಾರಿ ಇಲ್ಲ. ಅವನು ನಿಂತ ಜಾಗದಲ್ಲಿ ಇದನ್ನು ಹೇಳುವ ಫಲಕ ಇರಲಿಲ್ಲ. ಅದರ ಬಗ್ಗೆ ದೂರು ಬರೆಯೋಣ. ನೀನು ಬರೆದರೆ ಉತ್ತರ ಬಂದೇ ಬರುತ್ತದೆ. ನಾನೂ ಸಹಿ ಹಾಕುತ್ತೇನೆ.

ಹೇಮಾಳ ವಿಷಯ ಬರೆಯದೆ ಇರಲಾರೆ. ನಿನ್ನ ಪತ್ರ ಬಂದ ದಿನ ನನ್ನ ಕೈಯಲ್ಲಿದ್ದದ್ದನ್ನು ನೋಡಿ, "ಏನು ಬರದಾರ?" ಎಂದಳು. ಕೋಣೆ ಖಾಲಿ ಮಾಡಿದನಂತೆ ಎಂದೆ. ಅವಳು ಚಪಾತಿ ಲಟ್ಟಿಸುತ್ತಿದ್ದಳು, ನಿಲ್ಲಿಸಲಿಲ್ಲ. "ಆ ದೊಡ್ಡ ಮಷೀನಿಗೆ ಅವರು ತಾವಾಗೇ ಒಪ್ಪೋ ಪೈಕಿ ಅಲ್ಲ ಅಣ್ಣಾ. ಯಾರೋ ಹುಡುಗನ ತಲಿ ತುಂಬಿ ಒಪ್ಪಿಸ್ಯಾರ. ಅವರು ಯಾರ ಇರ್ಲಿ, ನಾ ಸಾಯೋತನಕ ಅವರ ಮುಖ ನೋಡಂಗಿಲ್ಲ." ತಾರಾ ನನ್ನ ಕಡೆ ನೋಡಿದಳು. ನಾನು ನೀರು ಕುಡಿಯಲು ಎದ್ದೆ.

ಅಪ್ಪ ಅವ್ವ ಹೋದ ಮೇಲೆ ಅವಳಿಗೆ ತವರು ಅಂತ ಇರುವುದು ಈ ಎರಡು ಕೋಣೆಯ ಕ್ವಾರ್ಟರ್ಸ್. ಅದನ್ನು ನೆನಪಿಡು. ಇನ್ನು ಕೇಳಬೇಡ.

ದಿವಾಕರ


ಸೂರತ್ ಸ್ಟೇಷನ್ ಎದುರಿನ ಲಾಡ್ಜ್
೧೭ ಮಾರ್ಚ್ ೨೦೨೪

ಪ್ರಿಯ ದಿವಾಕರ,

ನಿನ್ನ ಊರಿನಲ್ಲಿಯೇ ಇದ್ದೇನೆ. ಮನೆಗೆ ಬರುವುದಿಲ್ಲ. ಹೇಮಾಳಿಗೆ ತಿಳಿಸಬೇಡ.

ಇವತ್ತು ಬೆಳಿಗ್ಗೆ ಎರಡೂ ಯಂತ್ರಗಳನ್ನು ಹೊತ್ತು ಸುವಾಲಿಗೆ ಹೋಗಿದ್ದೆ. ಉಬ್ಬರ ಸಣ್ಣದಾಗಿರುವ ದಿನವನ್ನು ನೋಡಿಕೊಂಡೇ ಹೋದೆ. ಪರಿಚಯದ ಮೀನುಗಾರರಿಲ್ಲದ ಕಾರಣ ಒಂಟೆ ಸವಾರಿ ಮಾಡಿಸುವವನೊಬ್ಬನನ್ನು ನೀರು ನೋಡಲು ನಿಲ್ಲಿಸಿದೆ. ಅವನು, "ಕಾಕಾ, ಸೋನಾ ಮಿಲಾ ತೋ ಆಧಾ ಮೇರಾ" ಎಂದ. ಸಿಕ್ಕ ಚಿನ್ನದಲ್ಲಿ ಅರ್ಧ ನಿನಗೇ ಆಗಲಿ ಎಂದೆ.

ಒಣ ಮರಳಿನಲ್ಲಿ ಹತ್ತು ರೂಪಾಯಿಯ ನಾಣ್ಯ, ಕಬ್ಬಿಣದ ಮೊಳೆ, ನನ್ನ ಬೆರಳಿನ ಉಂಗುರ, ಇಷ್ಟನ್ನು ಅಳತೆಯ ಆಳದಲ್ಲಿ ಹೂತು ಪರೀಕ್ಷಿಸಿದೆ. ಅಗ್ಗದ ಯಂತ್ರ ಉಂಗುರವನ್ನು ನಾಲ್ಕು ಇಂಚಿನಲ್ಲಿ ಗುರುತಿಸಿತು, ಆರು ಇಂಚಿನಲ್ಲಿ ಅನುಮಾನಿಸಿತು, ಎಂಟರಲ್ಲಿ ಸುಮ್ಮನಾಯಿತು. ದುಬಾರಿಯದು ಎಂಟರಲ್ಲಿಯೂ ನಾಲ್ಕರಲ್ಲಿ ಹೇಳಿದ ಸಂಖ್ಯೆಯನ್ನೇ ಹೇಳಿತು. ಭಾನುವಾರದ ಹವ್ಯಾಸಿಯೊಬ್ಬನಿಗೆ ಈ ವ್ಯತ್ಯಾಸ ದೊಡ್ಡದಲ್ಲ. ಜನ ಬೀಳಿಸಿಕೊಳ್ಳುವ ವಸ್ತುಗಳು ಮೇಲೆಯೇ ಇರುತ್ತವೆ.

ಅನಂತರ ನೀರು ಇಳಿದ ಒದ್ದೆ ಮರಳಿಗೆ ಹೋದೆ. ಅಗ್ಗದ ಯಂತ್ರದ ತಟ್ಟೆ ಆ ಮರಳನ್ನು ಸೋಕಿದ ಕೂಡಲೇ ಅರಚತೊಡಗಿತು. ಉಪ್ಪು ನೀರು ನೆನೆದ ಮರಳೆಲ್ಲವೂ ಅದಕ್ಕೆ ಲೋಹವೇ. ಶಕ್ತಿ ತಗ್ಗಿಸಿದೆ; ಅರಚುವುದು ನಿಲ್ಲಲಿಲ್ಲ. ಎರಡು ನಿಮಿಷಕ್ಕೆ ನನ್ನ ತಲೆ ಸಿಡಿಯಿತು, ಹೆಡ್‌ಫೋನ್ ಕಿತ್ತು ಒಣ ಮರಳಿಗೆ ಮರಳಿದೆ. ಮೂರು ವರ್ಷ ಅದು ನಿತಿನ್‌ನನ್ನು ಹೀಗೆಯೇ ಹಿಂದಕ್ಕೆ ಅಟ್ಟಿದೆ.

ದುಬಾರಿ ಯಂತ್ರವನ್ನು ಹಿಡಿದು ಅದೇ ಜಾಗದಲ್ಲಿ ನಿಂತೆ. ಪೂರ್ಣ ನಿಶ್ಶಬ್ದ. ಒಂದು ಹೆಜ್ಜೆ ಮುಂದಿಟ್ಟೆ, ನಿಶ್ಶಬ್ದ. ಬಳಿಕ ಒಂದು ಸ್ಪಷ್ಟ ಸ್ವರ. ಅಗೆದರೆ ಪೂಜೆಗೆ ಎಸೆದ ತಾಮ್ರದ ಬಿಲ್ಲೆ. ಮತ್ತೆ ನಾಲ್ಕು ಹೆಜ್ಜೆ, ಮತ್ತೊಂದು ಸ್ವರ. ಕಿವಿಯನ್ನು ಸುತ್ತುವರಿದು ಮುಚ್ಚುವ ಆ ಹೆಡ್‌ಫೋನಿನೊಳಗೆ ಸಮುದ್ರವೇ ಇಲ್ಲ. ಒಂಟೆಯವನು ಬಂದು ತೋಳು ಹಿಡಿದು ಎಳೆದಾಗ ನಾನು ಬೆಚ್ಚಿಬಿದ್ದೆ. ಅವನು ಅದಾಗಲೇ ಹಲವು ಸಲ ಕೂಗಿದ್ದನಂತೆ. "ಕಾಕಾ, ಬಹೆರಾ ಛೋ?" ಎಂದ, ನಾನು ಕಿವುಡನೋ ಎಂಬಂತೆ. ನಾನೆಷ್ಟು ದೂರ ಬಂದಿದ್ದೆನೆಂದು ಆಗ ನೋಡಿದೆ.

ಅಗ್ಗದ ಯಂತ್ರ ಅವನ ಕೈಯಲ್ಲಿ ಇದ್ದಿದ್ದರೆ ಅವನು ಬದುಕಿರುತ್ತಿದ್ದ. ಇದನ್ನು ಊಹೆಯಿಂದ ಹೇಳುತ್ತಿಲ್ಲ. ನಿಂತು ನೋಡಿ ಬರೆದಿದ್ದೇನೆ.

ಇದರೊಂದಿಗೆ ಒಂದು ಹಾಳೆಯ ಜೆರಾಕ್ಸ್ ಇಟ್ಟಿದ್ದೇನೆ. ಗೋರ್ವಾದ ಕೋಣೆಯಲ್ಲಿ, ನೋಟ್‌ಬುಕ್ಕಿನ ರಟ್ಟಿನೊಳಗೆ ಇತ್ತು. ಅಕ್ಷರ ಗುಜರಾತಿ, ಭಾಷೆ ಕನ್ನಡ. ನನ್ನ ಮಗನಿಗೆ ಕನ್ನಡ ಲಿಪಿ ಬಾರದು. ಯಾರೋ ಹೇಳಿಬರೆಸಿದ್ದನ್ನು ತನಗೆ ಓದಲು ಬರುವ ಅಕ್ಷರದಲ್ಲಿ ಇಳಿಸಿಕೊಂಡಿದ್ದಾನೆ. "ಪ್ರತಿಪಕ್ಷದ ಭಯವನ್ನು ನಾನು ಗೌರವಿಸುತ್ತೇನೆ, ಆದರೆ ಭಯವು ಪುರಾವೆಯಲ್ಲ" ಎಂಬ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದಾನೆ. ೧೯೮೫ರಲ್ಲಿ ಬೆಳಗಾವಿಯ ಅಂತರ ಕಾಲೇಜು ಸ್ಪರ್ಧೆಯಲ್ಲಿ ಈ ವಾಕ್ಯವನ್ನು ಯಾರು ಹೇಳಿದರೆಂದು ನಾನು ಬರೆಯಬೇಕೆ?

ಲಿಂಗರಾಜ


ಹಜೀರಾ
೨೦ ಮಾರ್ಚ್ ೨೦೨೪

ಲಿಂಗರಾಜ,

ನಾನೇ. ನಾನೇ ಬರೆಸಿದ್ದು.

ಹುಡುಗ ಇಲ್ಲಿಗೆ ಬಂದು ಸೋಫಾದ ಮೇಲೆ ಬಿದ್ದುಕೊಂಡು, "ಮಾಮಾ, ಅಪ್ಪಾಜಿ ಜೊತೆ ಡಿಬೇಟ್ ಇಂಪಾಸಿಬಲ್ ಯಾರ್, ನೀವೇ ಏನಾದ್ರು ಮಾಡಿ" ಎಂದ. ನನಗೆ ಮೋಜೆನಿಸಿತು. ಕಾಲೇಜಿನಲ್ಲಿ ಎರಡು ವರ್ಷ ನೀನು ಮೊದಲನೆಯ ಭಾಷಣಕಾರ, ನಾನು ಎರಡನೆಯವ. ಬಹುಮಾನದ ಬಟ್ಟಲು ನಿನ್ನ ಕೈಗೇ ಬರುತ್ತಿತ್ತು, ಫೋಟೋದಲ್ಲಿ ನಾನು ಪಕ್ಕದಲ್ಲಿರುತ್ತಿದ್ದೆ. ಒಮ್ಮೆಯಾದರೂ ನೀನು ನನ್ನ ಮಾತಿಗೆ ಸೋಲಬೇಕು ಎಂದು ಆಸೆಯಾಯಿತು. ನಲವತ್ತು ವರ್ಷದ ಹಳೇ ಆಸೆ. ಅಷ್ಟೇ ಕಣೋ.

ಅಕ್ಟೋಬರಿನ ಎರಡು ಶನಿವಾರ ಕೂತೆವು. ನಿನ್ನಪ್ಪ ಮೊದಲು ಏನು ಕೇಳ್ತಾನ ಹೇಳು ಎಂದೆ. "ಹಳೆ ಮಷೀನ್ ಇದೆಯಲ್ಲ, ಅಂತಾರೆ" ಎಂದ. ಹಂಗಾರ ಹಳೇದು ಮಾಡಲಾರದ ಕೆಲಸ ಒಂದು ತೋರಿಸಬೇಕು ಎಂದೆ. ಆಳ ಎಂದ. ಅದಕ್ಕ ಅವ ಬಗ್ಗಂಗಿಲ್ಲ ಎಂದೆ. ಇಬ್ಬರೂ ಸೇರಿ ಎರಡು ಮಷೀನು ಹೋಲಿಸುವ ವಿಡಿಯೋ ಹತ್ತಾರು ನೋಡಿದೆವು. ಒದ್ದೆ ಮರಳಿನ ಮಾತು ಅದರಲ್ಲಿ ಬಂತು. ಇದೇ ನೋಡು ನಿನ್ನ ಬ್ರಹ್ಮಾಸ್ತ್ರ ಎಂದು ಅವನ ಬೆನ್ನು ತಟ್ಟಿದವ ನಾನು. "ಯಾರೂ ಹುಡುಕದ ನೆಲ" ಎಂದು ಬರೆಸಿದವ ನಾನು. ಲಿಂಗರಾಜ, ಅದಕ್ಕೂ ಮೊದಲು ಆ ಹುಡುಗ ಒದ್ದೆ ಮರಳಿಗೆ ಹೋಗಬೇಕೆಂದು ಒಂದು ದಿನವೂ ಅಂದಿರಲಿಲ್ಲ. ವಾದಕ್ಕೆ ಬೇಕಾಗಿ ಆ ಆಸೆಯನ್ನು ನಾನು ಹುಟ್ಟಿಸಿದೆ.

ಪಾಳಿ ಇತ್ತು ಎಂದದ್ದೂ ಸುಳ್ಳು. ಮನೆಯಲ್ಲಿದ್ದೆ. ಅವನು ಕಾರಿನ ಕೀಲಿ ಕೇಳಿ, "ಚಲೋ ಮಾಮಾ" ಎಂದು ನನ್ನನ್ನೂ ಕರೆದ. ಮ್ಯಾಚ್ ನಡೆದಿತ್ತು. "ಅಪ್ಪನನ್ನೇ ಸೋಲಿಸಿದವ ನೀನು, ಇನ್ನ ಕಾವಲು ಯಾಕ, ಹೋಗಿ ಬಾ" ಎಂದೆ. ಅವನು ನಕ್ಕ.

ಇನ್ನು ನನ್ನ ಕೈಲಿ ಆಗುವುದಿಲ್ಲ. ಬರುವ ಭಾನುವಾರದೊಳಗೆ ಹೇಮಾಳನ್ನು ಕೂರಿಸಿಕೊಂಡು ನಾನೇ ಹೇಳಿಬಿಡುತ್ತೇನೆ. ಅವಳು ಎದ್ದು ಹೋದರೆ ಹೋಗಲಿ. ಎಲ್ಲಿಗೆ ಹೋಗುತ್ತಾಳೋ ಗೊತ್ತಿಲ್ಲ. ಅವಳಿಗೆ ಹೇಳುವಾಗ ನೀನು ಪಕ್ಕದಲ್ಲಿದ್ದರೆ ಒಳ್ಳೆಯದಿತ್ತು. ಕೇಳುವ ಮುಖ ನನಗಿಲ್ಲ.

ದಿವಾಕರ


ಬೋಡಕ್‌ದೇವ್, ಅಹಮದಾಬಾದ್
೨೩ ಮಾರ್ಚ್ ೨೦೨೪

ಪ್ರಿಯ ದಿವಾಕರ,

ಈ ಪತ್ರವನ್ನು ಇಂದು ಸೂರತ್ತಿಗೆ ಹೊರಟಿರುವ ಪಕ್ಕದ ಮನೆಯ ಮಹೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಭಾನುವಾರಕ್ಕೆ ಮೊದಲು ಇದು ನಿನಗೆ ತಲುಪಬೇಕು.

ನೀನು ಬರೆದದ್ದೆಲ್ಲ ನಿಜ. ಆದರೆ ಅಪೂರ್ಣ. ನನ್ನದನ್ನು ನಾನು ಸೇರಿಸುತ್ತೇನೆ.

ಅಕ್ಟೋಬರ್ ಇಪ್ಪತ್ತೆರಡರಂದು ನಿತಿನ್ ಎದ್ದು ನಿಂತು ಎರಡನೆಯ ವಾಕ್ಯ ಮುಗಿಸುವಷ್ಟರಲ್ಲಿ ಅದು ನಿನ್ನದೆಂದು ನನಗೆ ತಿಳಿಯಿತು. ಗುಜರಾತಿ ಅಕ್ಷರದ ಹಾಳೆ ನನಗೆ ಬೇಕಿದ್ದದ್ದು ನಿನ್ನ ಬಾಯಿ ಬಿಡಿಸಲು ಮಾತ್ರ. ಆ ದಿನ ಅವನು ಕಲಿತ ಪಾಠವನ್ನು ಒಪ್ಪಿಸುವಾಗ ನಡುನಡುವೆ ಕಣ್ಣೆತ್ತಿ, ನಾನು ಎಲ್ಲಿ ತಡೆಯುತ್ತೇನೋ ಎಂದು ನೋಡುತ್ತಿದ್ದ. ಹಾಗೆ ನೋಡುವುದನ್ನು ಅವನಿಗೆ ಕಲಿಸಿದವನು ನಾನು. ಹದಿನೈದು ವರ್ಷ ಒಂದು ಮಗುವನ್ನು ನಿಲ್ಲಿಸಿ ಸೋಲಿಸಿದ್ದೆನೆಂಬುದು ನನಗೆ ಆ ಗಳಿಗೆಯಲ್ಲಿ ಹೊಳೆಯಿತು. ಈ ಸಲ ಸೋಲೋಣ ಎಂದು ನಿರ್ಧರಿಸಿದೆ.

ವಿರೋಧಿಸಲೆಂದು ನಾನು ಹಿಡಿದಿದ್ದ ಚೀಟಿಯಲ್ಲಿ ಮೂರು ಅಂಶಗಳಿದ್ದವು. ಹತ್ತು ರೂಪಾಯಿಗಿಂತ ಮೇಲ್ಪಟ್ಟ ನಿಧಿ ಸಿಕ್ಕರೆ ಕಾನೂನಿನ ಪ್ರಕಾರ ಕಲೆಕ್ಟರಿಗೆ ತಿಳಿಸಬೇಕು ಎಂಬುದು ಮೊದಲನೆಯದು; ಅದಕ್ಕೆ ನೀನು ಉತ್ತರ ಕಲಿಸಿದ್ದೆ. ಹವ್ಯಾಸ ಎಷ್ಟು ದಿನ ಉಳಿದೀತು ಎಂಬುದು ಎರಡನೆಯದು; ಅದಕ್ಕೂ ಕಲಿಸಿದ್ದೆ. ಮೂರನೆಯದು ಅವನು ಮಾತಾಡುತ್ತಿದ್ದಾಗ ಬರೆದುಕೊಂಡದ್ದು. ಇದೀಗ ಅದನ್ನು ನೋಡಿಯೇ ನಕಲು ಮಾಡುತ್ತಿದ್ದೇನೆ: "ಒದ್ದೆ ಮರಳು ಲಾಭವಲ್ಲ, ಅಪಾಯ. ಕಿವಿ ಮುಚ್ಚಿ ನೆಲ ನೋಡುವವನು ಹಿಂದಿನಿಂದ ಬರುವ ನೀರನ್ನು ಹೇಗೆ ತಿಳಿಯುತ್ತಾನೆ?" ಇದಕ್ಕೆ ಅವನ ಹಾಳೆಯಲ್ಲಿ ಉತ್ತರವಿರಲಿಲ್ಲ. ಇದನ್ನು ಕೇಳಿದ್ದರೆ ಅವನು ಕೂತುಬಿಡುತ್ತಿದ್ದ. ಕೇಳಲಿಲ್ಲ. "ಪ್ರತಿಪಕ್ಷ ಸೋತಿದೆ" ಎಂದೆ. ಅವನು ಬಂದು ನನ್ನನ್ನು ತಬ್ಬಿಕೊಂಡ. ಹತ್ತು ವರ್ಷದ ನಂತರ. ಆ ಅಪ್ಪುಗೆಗಾಗಿ ನಾನು ಚೀಟಿಯನ್ನು ಜೇಬಿಗಿಟ್ಟೆ.

ನಿನಗೆ ಅಪಾಯ ಗೊತ್ತಿರಲಿಲ್ಲ ದಿವಾಕರ. ನನಗೆ ಗೊತ್ತಿತ್ತು, ಬರೆದೂ ಇಟ್ಟಿದ್ದೆ. ನಾವಿಬ್ಬರೂ ಸಮಾನ ಅಪರಾಧಿಗಳಲ್ಲ.

ಹೇಮಾಳ ವಿಷಯ. ಇಬ್ಬರೂ ಸತ್ಯ ಹೇಳಿದರೆ ಅವಳಿಗೆ ಮಗನೂ ಇಲ್ಲ, ಗಂಡನೂ ಇಲ್ಲ, ಅಣ್ಣನೂ ಇಲ್ಲ. ಅವಳು ಕೂತು ಊಟ ಮಾಡುವ ಮನೆಯೊಂದು ಉಳಿಯಬೇಕು. ನನ್ನೊಡನೆ ಮೂವತ್ತು ವರ್ಷ ಬಾಳಿದವಳಿಗೆ ನನ್ನನ್ನು ದ್ವೇಷಿಸುವುದು ಅಷ್ಟೇನೂ ಕಷ್ಟವಾಗದು. ಆದ್ದರಿಂದ ಯಾರನ್ನೂ ಕೇಳದೆ ಒಂದು ನಿರ್ಧಾರ ಮಾಡಿ, ಅದನ್ನು ಪೂರೈಸಿದ್ದೇನೆ. ನಿನ್ನೆ ಅವಳ ಹೆಸರಿಗೆ ಸ್ಪೀಡ್ ಪೋಸ್ಟ್ ಕಳಿಸಿದೆ. ನಿತಿನ್‌ನ ನೌಕರಿ ಕಾಯಂ ಆದ ಸಂತೋಷಕ್ಕೆ ಆ ಯಂತ್ರವನ್ನು ನಾನೇ ಆರಿಸಿ ಕೊಡಿಸಿದೆ, ಚರ್ಚೆ ನಡೆಯಲೇ ಇಲ್ಲ, ಒದ್ದೆ ಮರಳಿನಲ್ಲಿ ಹುಡುಕು ಎಂದು ಹೇಳಿದವನೂ ನಾನೇ, ದಿವಾಕರ ಫೋನ್ ಮಾಡಿ ಬೇಡವೆಂದಾಗ ಅವನ ಮಾತನ್ನು ತಳ್ಳಿಹಾಕಿದೆ ಎಂದು ಬರೆದಿದ್ದೇನೆ. ನೀನು ಆ ದಿನ ಪಾಳಿಯಲ್ಲಿದ್ದೆ ಎಂದೂ ಬರೆದಿದ್ದೇನೆ. ನಾನು ಸಹಿ ಮಾಡಿದ ಮೊದಲ ಸುಳ್ಳು ಇದು. ಚೆನ್ನಾಗಿ ಕಟ್ಟಿದ್ದೇನೆ, ಬಿರುಕು ಸಿಗದು. ನೀನು ನಿಜ ಹೇಳಿದರೂ ಅವಳು ನಿನ್ನನ್ನು ನಂಬುವುದಿಲ್ಲ. ಭಾವನನ್ನು ಉಳಿಸಲು ಹೊರಟಿದ್ದಾನೆ ಎಂದುಕೊಳ್ಳುತ್ತಾಳೆ.

ಅವಳು ಇನ್ನು ಅಹಮದಾಬಾದಿಗೆ ಬರುವುದಿಲ್ಲ. ಅವಳ ಬಟ್ಟೆಬರೆ, ಪುಸ್ತಕ, ಹೊಲಿಗೆ ಯಂತ್ರ, ನಿತಿನ್‌ನ ಚಿಕ್ಕಂದಿನ ಫೋಟೋಗಳು ಮುಂದಿನ ವಾರ ಟೆಂಪೋದಲ್ಲಿ ಬರುತ್ತವೆ. ಇಳಿಸಿಕೊಳ್ಳಲು ಮನೆಯಲ್ಲಿರು.

ಅವಳಿಗೆ ಬರೆದ ಪತ್ರ ಹೋಳಿಯ ರಜೆ ಕಳೆದು ಮಂಗಳವಾರ ತಲುಪಬಹುದು. ಅವಳು ಓದುವಾಗ ನೀನೂ ತಾರಾಳೂ ಹತ್ತಿರದಲ್ಲಿರಿ. ನನ್ನನ್ನು ಬೈದರೆ ತಡೆಯಬೇಡಿ. ನನ್ನ ಪರವಾಗಿ ಒಂದು ಮಾತೂ ಆಡಬೇಡ. ಈ ಪತ್ರವನ್ನು ಓದಿದ ಮೇಲೆ ಸುಡು, ಮತ್ತು ಇದಕ್ಕೆ ಉತ್ತರ ಬರೆಯಬೇಡ.

ಲಿಂಗರಾಜ